ಷರತ್ತು ಸಾರ್

ಹೋದ ತಿಂಗಳು ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದೇವನಹಳ್ಳಿಯಿಂದ ಒಬ್ಬ ಹೆಣ್ಣುಮಗಳು. "ಅಪ್ಪ ಹೋಗ್ಬಿಟ್ರು ಅಕ್ಕಾ. ಅವರ ಡೈರೀಲಿ ನಿಮ್ ನಂಬರಿತ್ತು, ತಿಳಿಸ್ಬೇಕು ಅನ್ನಿಸ್ತು" ಎಂದಳು. ಯಾರ ಮಗಳೆಂದು ಹೊಳೆಯಲು ನನಗೆ ಅರೆಗಳಿಗೆ ಬೇಕಾಯಿತು. ಹೊಳೆದಾಗ ಮೊದಲು ಬಂದದ್ದು ದುಃಖವಲ್ಲ, ಭಯ. ನಾಲ್ಕು ವರ್ಷದ ಹಿಂದೆ ಅವರ ಜೊತೆಯಲ್ಲಿ ಕೂತು ಪಟ್ಟ ಭಯವೇ ಮತ್ತೆ ಬಂತು.

ಅವರ ಬಗ್ಗೆ ಬರೆಯಲೇ ಎಂದು ಆಮೇಲೆ ಕೇಳಿದೆ. "ಬರೀರಿ, ಆದ್ರೆ ಹೆಸರು ಬೇಡ. ನನ್ನ ಮದುವೆ ಪತ್ರಿಕೇಲಿ ತಮ್ಮ ಹೆಸರು ಅಚ್ಚು ಹಾಕ್ಸೋಕೂ ಹೆದರಿದ್ರು ಅವ್ರು" ಎಂದಳು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ಆಫೀಸಿನಲ್ಲಿ ನಾವು ಹಿಂದಿನಿಂದ ಕರೆಯುತ್ತಿದ್ದ ಹೆಸರೇ ಇರಲಿ: ಷರತ್ತು ಸಾರ್.

ಆಫೀಸು ಅಂದರೆ ದೊಡ್ಡದೇನಲ್ಲ. ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯ ಪಕ್ಕ, ಒಂದು ಗೋದಾಮಿನ ಮೇಲಂತಸ್ತು. ಕೆಳಗೆ ಲಾರಿಗಳು ಹಿಂದಕ್ಕೆ ಬಂದು ನಿಂತಾಗಲೆಲ್ಲ ನಮ್ಮ ಮೇಜುಗಳು ಸಣ್ಣಗೆ ನಡುಗುತ್ತಿದ್ದವು. ಒಟ್ಟು ಒಂಬತ್ತು ಜನ. ಲಾರಿ ತೂಕ ಹಾಕುವ ವೇಬ್ರಿಡ್ಜುಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡಿ ಮಾರುತ್ತಿದ್ದೆವು. ಲಾರಿ ತೂಕವಾದ ಕೂಡಲೇ ನಂಬರು, ಮಾಲೀಕರ ಹೆಸರು, ಸರಕು, ತೂಕ ಎಲ್ಲವೂ ಅಚ್ಚುಕಟ್ಟಾದ ಕನ್ನಡದಲ್ಲಿ ಚೀಟಿಯಾಗಿ ಹೊರಬರುತ್ತಿತ್ತು. ಸಣ್ಣ ಪ್ರಿಂಟರಿನಲ್ಲಿ ಒತ್ತಕ್ಷರ ಸರಿಯಾಗಿ ಮೂಡಿಸುವುದು ಆಗ ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. 'ಚೀಟಿಯೂ ಕನ್ನಡದಲ್ಲೇ!' ಎಂದು ನಮ್ಮ ಕರಪತ್ರದಲ್ಲಿ, ಬ್ಯಾನರಿನಲ್ಲಿ, ವ್ಯಾನಿನ ಎರಡು ಮಗ್ಗುಲಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದೆವು.

ಷರತ್ತು ಸಾರ್ ಸಾಫ್ಟ್‌ವೇರಿನವರಲ್ಲ. ಮೂವತ್ತು ವರ್ಷಕ್ಕೂ ಮೇಲೆ ಒಂದು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುತ್ತಿದ್ದವರು. ವಿಮಾನ ನಿಲ್ದಾಣ ಬಂದ ಮೇಲೆ ಪತ್ರಗಳೆಲ್ಲ ಬೆಂಗಳೂರಿನ ವಕೀಲರ ಆಫೀಸಿನಲ್ಲೇ ತಯಾರಾಗಿ ಬರತೊಡಗಿದವು. ಇವರ ಮೇಜಿನ ಮುಂದೆ ಜನ ಕಡಿಮೆಯಾದರು. ನಮ್ಮ ಮಾಲೀಕರಿಗೆ ಗಿರಾಕಿಗಳ ಜೊತೆಗಿನ ಕರಾರು ಪತ್ರ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಯಾರೋ ಇವರ ಹೆಸರು ಹೇಳಿದರು. ಬಂದರು.

ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಬಾಗಿದ ಹಾಗೆ ಇದ್ದರು. ಅರ್ಧತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಒಂದು ಕೆಂಪು ಪೆನ್ಸಿಲು. ನಾನು ದೊಡ್ಡಬಳ್ಳಾಪುರದಲ್ಲಿ ಬಸ್ ಹತ್ತುವ ಹೊತ್ತಿಗೆ ಅವರು ದೇವನಹಳ್ಳಿಯಿಂದ ಬಂದು ಅದೇ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ಯಾವಾಗಲೂ ಬಾಗಿಲ ಪಕ್ಕದ ಸೀಟೇ ಬೇಕು. "ಒಳಗಡೆ ಕೂತ್ರೆ ಇಳಿಯೋ ಹೊತ್ತಿಗೆ ಬಸ್ ಹೊರಟ್ಬಿಟ್ರೆ ಏನಮ್ಮಾ ಮಾಡೋದು?" ಎನ್ನುತ್ತಿದ್ದರು. ಟಿಕೆಟನ್ನು ಇಳಿದ ಮೇಲೂ ಎಸೆಯುತ್ತಿರಲಿಲ್ಲ. ಫೋನು ಬಡಿದರೆ ಎರಡೂ ಕೈಯಲ್ಲಿ ಹಿಡಿದು, ಗೊತ್ತಿರುವ ನಂಬರೇ ಎಂದು ನೋಡಿ, ಗೊತ್ತಿಲ್ಲದಿದ್ದರೆ ಅದು ಬಡಿದು ಬಡಿದು ಸುಮ್ಮನಾಗುವವರೆಗೂ ಮುಖ ಬಿಗಿಹಿಡಿದು ಕಾಯುತ್ತಿದ್ದರು. ಸಂಜೆ ತಮ್ಮ ಬೀರುವಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡದೆ ಹೊರಡುತ್ತಿರಲಿಲ್ಲ. ನಮ್ಮ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಓದುವುದೆಂದರೆ ಮಾತ್ರ ಬೇರೆಯೇ ಮನುಷ್ಯ. ಎದುರಿಗೆ ಪತ್ರ ಇಟ್ಟರೆ ಬೆನ್ನು ನೆಟ್ಟಗಾಗುತ್ತಿತ್ತು. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದುತ್ತಿದ್ದರು. 'ಮತ್ತು' ಬಂದಲ್ಲಿ ಒಂದು ಗೆರೆ, 'ಅಥವಾ' ಬಂದಲ್ಲಿ ಎರಡು. "ನಾನು ನೋಡಿರೋ ವ್ಯಾಜ್ಯಗಳೆಲ್ಲ ಈ ಎರಡು ಪದದ ಮಧ್ಯೆನೇ ಬಿದ್ದಿರೋದು ಕಣಮ್ಮ" ಎನ್ನುತ್ತಿದ್ದರು. ಯಾವ ಕಾಗದ ಕೈಗೆ ಬಂದರೂ ಮೊದಲ ಪ್ರಶ್ನೆ ಒಂದೇ: "ಷರತ್ತು ಏನಿದೆ ಇದ್ರಲ್ಲಿ?" ಅದರಿಂದಲೇ ಆ ಹೆಸರು ಬಿದ್ದದ್ದು.

ಬಂದ ಮೂರನೆಯ ತಿಂಗಳಿನಲ್ಲಿರಬೇಕು, ಊಟದ ಹೊತ್ತಿನಲ್ಲಿ ಅವರು ನನ್ನನ್ನು ಕೇಳಿದರು. "ಈ ನಮ್ ಸಾಫ್ಟ್‌ವೇರ್ ಪೂರ್ತಿ ನೀವೇ ಬರ್ದಿದ್ದಾ?"

"ಎಲ್ಲಾ ಯಾರು ಬರೀತಾರೆ ಸಾರ್? ಅರ್ಧಕ್ಕರ್ಧ ಬೇರೆಯವ್ರು ಬರ್ದು ಇಂಟರ್ನೆಟ್ಟಲ್ಲಿ ಎಲ್ರಿಗೂ ಅಂತ ಇಟ್ಟಿರ್ತಾರೆ. ಅದನ್ನ ತಗೊಂಡು ನಮ್ದು ಸೇರಿಸ್ಕೊಳ್ಳೋದು. ಓಪನ್ ಸೋರ್ಸ್ ಅಂತಾರೆ."

"ಪುಕ್ಕಟೆ?"

"ಪುಕ್ಕಟೆ."

ಅವರು ಕಲಸುತ್ತಿದ್ದ ಅನ್ನ ಬಿಟ್ಟು ನನ್ನ ಮುಖ ನೋಡಿದರು. "ಪತ್ರ ಇದ್ಯಾ?"

ಇತ್ತು. ಅಂಥ ಪ್ರತಿಯೊಂದು ತುಂಡಿನ ಜೊತೆಗೂ ಒಂದು ಲೈಸೆನ್ಸ್ ಇರುತ್ತದೆ. ಯಾರು ಬರೆದದ್ದು, ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂದು. ನಮ್ಮಲ್ಲಿ ಅದನ್ನು ಯಾರೂ ಓದಿರಲಿಲ್ಲ. ತಮಾಷೆಗೆಂದು ನಾನು ನಮ್ಮಲ್ಲಿ ಬಳಸಿದ್ದ ಹದಿನಾರು ತುಂಡುಗಳ ಲೈಸೆನ್ಸನ್ನೂ ಇಂಟರ್ನೆಟ್ಟಿನಿಂದ ಪ್ರಿಂಟು ತೆಗೆದು ಅವರ ಮೇಜಿನ ಮೇಲಿಟ್ಟೆ. ಒಂದು ವಾರ ಅವರು ತಲೆ ಎತ್ತಲಿಲ್ಲ. ಆಮೇಲೆ ಒಂದು ಹಾಳೆ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಹಾಳೆ ನಡುಗುತ್ತಿತ್ತು. ಕೆಳಗೆ ಲಾರಿ ಬಂದಿದೆಯೇನೋ ಎಂದುಕೊಂಡೆ. ಬಂದಿರಲಿಲ್ಲ.

ಅದು ಚೀಟಿಯಲ್ಲಿ ಕನ್ನಡ ಅಕ್ಷರ ಜೋಡಿಸುವ ಭಾಗದ ಲೈಸೆನ್ಸು. ಬರೆದವರು ಮೈಸೂರಿನ ಕಡೆಯ ಒಬ್ಬ ನಿವೃತ್ತ ಉಪನ್ಯಾಸಕರು. ಮೂರೇ ಷರತ್ತು. ಮೂರನೆಯದರ ಕೆಳಗೆ ಕೆಂಪು ಪೆನ್ಸಿಲು ಒತ್ತಿ ಎಳೆದಿದ್ದರು. ಈ ಸಾಫ್ಟ್‌ವೇರಿನ ಗುಣವನ್ನಾಗಲಿ ಬಳಕೆಯನ್ನಾಗಲಿ ಹೇಳುವ ಯಾವುದೇ ಜಾಹೀರಾತಿನಲ್ಲಿ 'ಇದರಲ್ಲಿ ಇಂಥವರು ಬರೆದ ಸಾಫ್ಟ್‌ವೇರ್ ಸೇರಿದೆ' ಎಂಬ ಸಾಲು ಇರತಕ್ಕದ್ದು, ಎಂದು ಅದರ ಅರ್ಥ.

"ನಮ್ ಕರಪತ್ರದಲ್ಲಿ ಈ ಸಾಲು ಎಲ್ಲಿದೆಯಮ್ಮಾ?"

ಕರಪತ್ರದಲ್ಲಿ ಇರಲಿಲ್ಲ. ಬ್ಯಾನರಿನಲ್ಲಿ ಇರಲಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ದೊಡ್ಡ ಗಿರಾಕಿಯೊಬ್ಬರು ನಮ್ಮ ಕೋಡನ್ನು ನೋಡಬೇಕೆಂದಾಗ, "ಎಲ್ಲಾ ನಮ್ದೇ ಅನ್ನೋ ಥರ ಇರ್ಬೇಕು" ಎಂದಿದ್ದರು ಮಾಲೀಕರು. ಅಕ್ಷರ ಜೋಡಿಸುವ ಕೋಡಿನ ಫೈಲಿನ ತಲೆಯ ಮೇಲಿದ್ದ ಉಪನ್ಯಾಸಕರ ಹೆಸರನ್ನೂ ಷರತ್ತನ್ನೂ ನಾನೇ ಅಳಿಸಿದ್ದೆ. ಒಂದೇ ಕ್ಷಣದ ಕೆಲಸ. ಆದರೆ ಯಾವ ಸಾಲನ್ನು ಯಾರು, ಯಾವತ್ತು ತೆಗೆದರು ಎನ್ನುವುದು ನಮ್ಮ ಕಂಪ್ಯೂಟರಿನಲ್ಲಿ ದಾಖಲಾಗಿ ಉಳಿಯುತ್ತದೆ. ಅಲ್ಲಿ ನನ್ನ ಹೆಸರು ಇತ್ತು.

ಅವರ ಮುಖ ನೋಡುತ್ತ ನೋಡುತ್ತ ಬಾಯಿಬಿಟ್ಟೆ. ಅವರು ಬೈಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು, "ಅಳ್ಸಿದ್ರಾ?" ಎಂದು ಒಂದೇ ಮಾತು ಕೇಳಿ, ನೀರು ಕುಡಿದರು.

ಮಾಲೀಕರ ಹತ್ತಿರ ಅವರೇ ಹೋದರು. ನಮ್ಮ ಮಾಲೀಕರು ಕೆಟ್ಟವರಲ್ಲ. ನೆಲಮಂಗಲದವರೇ, ಸ್ವಂತ ದುಡಿಮೆಯಿಂದ ಬಂದವರು, ಲಾಕ್‌ಡೌನಿನಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆದಿರಲಿಲ್ಲ. ಅವರು ಜೋರಾಗಿ ನಕ್ಕರು. "ಏನ್ ಸಾರ್ ನೀವು! ದಾನ ಕೊಟ್ಟ ಎತ್ತಿನ ಹಲ್ಲು ಎಣಿಸ್ತೀರಲ್ಲ."

"ಹಲ್ಲು ಎಣಿಸ್ತಿಲ್ಲ ಯಜಮಾನ್ರೇ. ಕೊಟ್ಟೋರು ಏನು ಹೇಳಿ ಕೊಟ್ರು ಅಂತ ಓದ್ತಿದೀನಿ."

"ಪುಕ್ಕಟೆ ಕೊಟ್ಟಿದ್ದಕ್ಕೆ ಯಾರ್ ಸಾರ್ ಕೋರ್ಟಿಗೆ ಹೋಗ್ತಾರೆ? ಆ ಹೆಸರು ಹಾಕಿದ್ರೆ ನಮ್ ಗಿರಾಕಿಗಳು ಏನಂತಾರೆ? ಇವ್ರದ್ದೇನೂ ಇಲ್ಲ, ಎಲ್ಲಾ ಯಾರೋ ಮೇಷ್ಟ್ರು ಮಾಡಿದ್ದು ಅಂತಾರೆ. ಬಿಡಿ, ತಲೆ ಕೆಡಿಸ್ಕೋಬೇಡಿ."

ಆವತ್ತು ಸಂಜೆ ಬಸ್ಸಿನಲ್ಲಿ ಷರತ್ತು ಸಾರ್ ಪಕ್ಕ ಕೂತಿದ್ದೆ. ಅರ್ಧ ದಾರಿಯಾದ ಮೇಲೆ, ಹೊರಗೆ ನೋಡುತ್ತಲೇ ಶುರುಮಾಡಿದರು.

"ದಾನಪತ್ರದಲ್ಲಿ ಎರಡು ಥರ ಇರುತ್ತೆ ಕಣಮ್ಮ. 'ಇಂಥದ್ದು ಮಾಡಿದ್ರೆ ಮಾತ್ರ ನಿನಗೆ' ಅಂತ ಬರೆದ್ರೆ ಅದು ಷರತ್ತು. ಮುರಿದ್ರೆ ಕೊಟ್ಟಿದ್ದೇ ವಾಪಸ್ ಹೋಗ್ಬಹುದು. 'ಕೊಟ್ಟಿದೀನಿ, ಇಂಥದ್ದೊಂದು ಮಾಡಪ್ಪಾ' ಅಂತ ಬರೆದ್ರೆ ಅದು ಬರೀ ಮಾತು. ಮುರಿದ್ರೆ ಕೊಟ್ಟಿದ್ದು ಹೋಗಲ್ಲ, ನನಗೆ ಇಷ್ಟು ನಷ್ಟ ಆಯ್ತು ಅಂತ ಕೇಳ್ಬೇಕು ಅಷ್ಟೆ. ಆ ಮೇಷ್ಟ್ರದ್ದು ಯಾವುದು ಅಂತ ಇಡೀ ದಿನ ಯೋಚ್ನೆ ಮಾಡ್ದೆ. 'ಈ ಕೆಳಗಿನ ಷರತ್ತುಗಳನ್ನ ಪಾಲಿಸಿದ್ರೆ' ಅಂತ ಇದೆ ಮೇಲ್ಗಡೆ. ಆದ್ರೆ ಜಾಹೀರಾತು ಅನ್ನೋದು ಕೊಟ್ಟ ವಸ್ತುವಿನ ಒಳಗಿರೋದಲ್ವಲ್ಲ. ಅಲ್ಲಿ ನನಗೆ ತಿಳೀತಿಲ್ಲ. ತಿಳೀದೇ ಇರೋದಕ್ಕೇ ಭಯ."

ಅವರು ದನಿ ತಗ್ಗಿಸಿದರು. ಆಮೇಲೆ ಹೇಳಿದ್ದು ಅವರ ಮನೆಯವರಿಗೂ ಗೊತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಪತ್ರ ಬರೆಯಲು ಶುರುಮಾಡಿದ ಹೊಸತು. ಹಳ್ಳಿಯೊಂದರಿಂದ ಒಬ್ಬ ವಿಧವೆ ಬಂದಿದ್ದಳು. ಇದ್ದ ಒಬ್ಬ ಮಗ ತೀರಿಕೊಂಡಿದ್ದ. ರಸ್ತೆ ಪಕ್ಕದ ಒಂದು ಗುಂಟೆ ಜಾಗವನ್ನು ಊರಿಗೆ ಬಸ್ಸು ಕಾಯುವ ತಂಗುದಾಣ ಕಟ್ಟಿಸಲು ದಾನ ಕೊಡುತ್ತಿದ್ದಳು. ಅವಳು ಕೇಳಿದ್ದು ಒಂದೇ: ತಂಗುದಾಣದ ಮೇಲೆ ಮಗನ ಹೆಸರು ಯಾವಾಗಲೂ ಇರಬೇಕು. ಜೊತೆಗೆ ಬಂದಿದ್ದ ಊರಿನ ಹಿರಿಯರೊಬ್ಬರು ಇವರನ್ನು ಪಕ್ಕಕ್ಕೆ ಕರೆದು, "ಅದೆಲ್ಲ ಪತ್ರದಲ್ಲಿ ಬೇಡ ಕಣಯ್ಯ, ನಾಳೆ ತೊಡಕಾಗುತ್ತೆ. ಬಾಯಲ್ಲಿ ಒಪ್ಕೊಂಡಿದೀವಲ್ಲ" ಎಂದರು. ಇವರಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಹಿರಿಯರ ಮಾತು. ಬಿಟ್ಟರು.

"ಬಿಟ್ಟಿದ್ದು ಒಂದು ತಪ್ಪು. ಅದಾದ್ರೂ ಹೋಗ್ಲಿ. ಪತ್ರ ಆದ್ಮೇಲೆ ಹೆಬ್ಬೆಟ್ಟು ಒತ್ತೋಕೆ ಮುಂಚೆ ಓದಿ ಹೇಳ್ಬೇಕಲ್ಲ. ಆಯಮ್ಮ ನನ್ನ ಬಾಯನ್ನೇ ನೋಡ್ತಾ ಕೂತಿದ್ಲು. ಆ ಜಾಗ ಬಂತು. ನಾನು..." ಅವರು ಕೈಯಲ್ಲಿದ್ದ ಟಿಕೆಟನ್ನು ಮಡಿಚಿ ಜೇಬಿಗಿಟ್ಟರು. "ನಾನು ಆ ಸಾಲು ಇರೋ ಹಾಗೇ ಓದ್ಬಿಟ್ಟೆ ಕಣಮ್ಮ. ಇಲ್ಲದೇ ಇದ್ದ ಸಾಲನ್ನ ಓದ್ದೆ. ಆಯಮ್ಮ ಕೈ ಮುಗಿದು ಹೆಬ್ಬೆಟ್ಟು ಒತ್ತಿದ್ಲು."

ಆರೇಳು ವರ್ಷದ ಮೇಲೆ ತಂಗುದಾಣಕ್ಕೆ ಹೊಸ ಬಣ್ಣ ಬಂತು, ಹೆಸರು ಹೋಯಿತು. ಅವಳು ಹುಡುಕಿಕೊಂಡು ಬಂದಳು. "ನೀನೇ ಓದಿ ಹೇಳಿದ್ಯಲ್ಲಪ್ಪಾ, ಆ ಸಾಲು ತೋರ್ಸು" ಎಂದಳು. ಪ್ರತಿ ಸಂತೆಯ ದಿನ ಬರುತ್ತಿದ್ದಳಂತೆ. ಜಗಳವಿಲ್ಲ, ಶಾಪವಿಲ್ಲ. ಬಂದು ಮೇಜಿನ ಎದುರು ನಿಲ್ಲುವಳು. ಇವರು ದೂರದಲ್ಲಿ ಅವಳ ಸೀರೆ ಕಂಡರೆ ಎದ್ದು ಛಾಪಾಕಾಗದ ಮಾರುವವನ ಗೂಡಿನ ಹಿಂದೆ ಅಡಗುತ್ತಿದ್ದರು. ಒಂದು ವರ್ಷ ಬಂದಳು. ಒಂದು ಸಂತೆಗೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

"ಯಾಕೆ ಬರ್ಲಿಲ್ಲ ಅಂತ ನಾನು ಯಾರನ್ನೂ ಕೇಳ್ಲಿಲ್ಲ. ಕೇಳೋಕೆ ಧೈರ್ಯ ಬರ್ಲಿಲ್ಲ. ಆವತ್ತಿಂದ ಯಾವ ಕಾಗದ ನೋಡಿದ್ರೂ ಇದ್ರಲ್ಲಿ ಯಾರ ಸಾಲು ಕಾಣೆಯಾಗಿದೆಯೋ ಅಂತ ಜೀವ ಹೊಡ್ಕೊಳ್ಳುತ್ತೆ."

ಅದಾಗಿ ಎರಡು ತಿಂಗಳಿಗೆ ಕಾಗದ ಬಂತು.

ಅಂಚೆಯವರು ಸಹಿ ಹಾಕಿಸಿಕೊಂಡು ಕೊಡುವ ಲಕೋಟೆ. ಮೈಸೂರಿನ ಉಪನ್ಯಾಸಕರದ್ದು; ವಕೀಲರ ನೋಟಿಸಲ್ಲ, ಅವರೇ ಬರೆದದ್ದು, ಒಂದೇ ಪುಟ, ಕನ್ನಡದಲ್ಲಿ. ಅವರ ಪರಿಚಯದ ಲಾರಿಯವರೊಬ್ಬರ ಕೈಯಲ್ಲಿ ನಮ್ಮ ವೇಬ್ರಿಡ್ಜಿನ ಚೀಟಿ ಕಂಡಿತಂತೆ. ಅದರಲ್ಲಿ 'ಲಕ್ಷ್ಮಿ' ಎಂಬ ಹೆಸರಿನ ಮ ಒತ್ತು ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿದಿತ್ತು. 'ಆ ತಪ್ಪು ನನ್ನದು. ತಿದ್ದಬೇಕೆಂದು ಬಹಳ ಪ್ರಯತ್ನಪಟ್ಟು ಸೋತದ್ದು. ಆದ್ದರಿಂದ ನೋಡಿದ ಕೂಡಲೇ ಗುರುತು ಹತ್ತಿತು. ನಿಮ್ಮ ಕರಪತ್ರವನ್ನೂ ತರಿಸಿ ನೋಡಿದೆ. ನನ್ನ ಹೆಸರು ಕಾಣಲಿಲ್ಲ. ನಾನು ಹಣ ಕೇಳಿಲ್ಲ, ಹೆಸರು ಕೇಳಿದ್ದೆ. ಮೂವತ್ತು ದಿನದೊಳಗೆ ಸರಿಪಡಿಸಿ. ಇಲ್ಲವಾದರೆ ಬಳಸುವುದನ್ನು ನಿಲ್ಲಿಸಿ. ಎರಡೂ ಆಗದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ' ಎಂದು ಬರೆದಿದ್ದರು.

ಅಂದಿನಿಂದ ಮೆಟ್ಟಿಲ ಮೇಲೆ ಹೊಸ ಹೆಜ್ಜೆ ಸದ್ದಾದರೆ ಕೆಲಸ ಬಿಟ್ಟು ಬಾಗಿಲ ಕಡೆಯೇ ನೋಡುತ್ತಿದ್ದೆ. ದಾಖಲೆಯಲ್ಲಿ ನನ್ನ ಹೆಸರಿರುವ ಆ ಒಂದು ಸಾಲನ್ನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ, ಹೋಗಿಬಿಟ್ಟಿರಬಹುದೆಂಬ ಆಸೆಯಿಂದ. ಇರುತ್ತಿತ್ತು.

ಮಾಲೀಕರು ದೊಡ್ಡಬಳ್ಳಾಪುರದ ಒಬ್ಬ ವಕೀಲೆಯನ್ನು ಕರೆಸಿದರು. ನಡುವಯಸ್ಸಿನವರು, ಮಾತು ಕಡಿಮೆ. ಲೈಸೆನ್ಸು, ಕರಪತ್ರ, ಕಾಗದ ಮೂರನ್ನೂ ಓದಿದರು. ನಾನೂ ಷರತ್ತು ಸಾರೂ ಮೂಲೆಯಲ್ಲಿ ಕೂತಿದ್ದೆವು.

"ಈ ಜಾಹೀರಾತಿನ ಷರತ್ತು ಕೋರ್ಟಲ್ಲಿ ನಿಲ್ಲುತ್ತಾ ಮೇಡಂ? ಅಷ್ಟು ಹೇಳ್ಬಿಡಿ" ಎಂದರು ಮಾಲೀಕರು.

"ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ನಕಲು ಮಾಡೋ ಹಕ್ಕು ಅವರದ್ದು. ಷರತ್ತು ಪಾಲಿಸಿದ್ರೆ ಮಾತ್ರ ಅಂತ ನಿಮಗೆ ಅನುಮತಿ ಕೊಟ್ಟಿದಾರೆ. ಪಾಲಿಸ್ಲಿಲ್ಲ, ಅನುಮತೀನೇ ಇಲ್ಲ, ಇದು ಕದ್ದಿದ್ದು ಅಂತ ಅವ್ರು ವಾದ ಮಾಡ್ತಾರೆ. ನಾವು, ಜಾಹೀರಾತು ಸಾಫ್ಟ್‌ವೇರಿಂದ ಆಚೆಗಿನ ವಿಷಯ, ಅದು ಬರೀ ಒಂದು ಕರಾರು, ಪುಕ್ಕಟೆ ಕೊಟ್ಟೋರಿಗೆ ನಷ್ಟ ಏನಾಯ್ತು ತೋರಿಸ್ಲಿ ಅಂತೀವಿ. ಹೊರದೇಶದಲ್ಲಿ, ಪುಕ್ಕಟೆ ಕೊಟ್ಟಿದ್ರೂ ಷರತ್ತಿಗೆ ಬೆಲೆ ಇದೆ ಅಂದಿರೋ ಕೋರ್ಟುಗಳಿವೆ. ನಮ್ ಕಡೆ ಜಾಹೀರಾತಿನ ಷರತ್ತಿನ ಮೇಲೇ ತೀರ್ಪು ಬಂದಿದ್ದು ನಾನು ಕಂಡಿಲ್ಲ. ನೀವು ಗೆಲ್ಲಲೂಬಹುದು." ಅವರು ಕನ್ನಡಕ ತೆಗೆದರು. "ಆದ್ರೆ ಇದಕ್ಕೆ ಮುಂಚೆ ಬೇರೆ ಪ್ರಶ್ನೆ ಬರುತ್ತೆ. ಆ ಫೈಲಿನ ಮೇಲೆ ಅವರ ಹೆಸರಿತ್ತಲ್ಲ, ಅದನ್ನ ಯಾರು ತೆಗೆದ್ರು?"

ಮಾಲೀಕರು ನನ್ನ ಕಡೆ ನೋಡಿ, ತಕ್ಷಣ ಕಣ್ಣು ಬೇರೆಡೆಗೆ ಹೊರಳಿಸಿದರು. ಕೆಳಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

ಮಾರನೆಯ ದಿನ ಮಾಲೀಕರು ಒಂದು ಉಪಾಯ ಹುಡುಕಿಕೊಂಡು ಬಂದರು. ಅವರೂ ಹೆದರಿದ್ದರು, ನಿದ್ದೆಗೆಟ್ಟ ಕಣ್ಣು. ಷರತ್ತು ಸಾರನ್ನೂ ನನ್ನನ್ನೂ ಒಳಗೆ ಕರೆದರು. ಅಕ್ಷರ ಜೋಡಿಸುವ ಆ ಭಾಗವನ್ನು ನಾನೇ ಸ್ವತಃ ಬರೆದದ್ದೆಂದು ನನ್ನ ಹೆಸರಿನಲ್ಲಿ ಒಂದು ಅಫಿಡವಿಟ್ಟು, ಅಂದರೆ ಕೋರ್ಟಿಗೆ ಕೊಡುವ ಪ್ರಮಾಣಪತ್ರ, ಆಗಬೇಕು. ಹಳೆಯ ದಾಖಲೆ ಇರುವ ಕಂಪ್ಯೂಟರು ಕೆಟ್ಟುಹೋಯಿತೆಂದು ಹೇಳಬೇಕು. ಪತ್ರ ಷರತ್ತು ಸಾರ್ ಬರೆಯಬೇಕು, ಸಾಕ್ಷಿಯ ಸಹಿಯೂ ಅವರದ್ದೇ.

"ಇಬ್ರು ಬೇರೆಬೇರೆ ಕೂತು ಬರ್ದು ಒಂದೇ ಥರ ಬಂದಿದೆ, ಅಷ್ಟೆ. ಆಗಲ್ವಾ ಸಾರ್ ಹಂಗೆ?" ಎಂದರು.

ಷರತ್ತು ಸಾರ್ ಮೆಲ್ಲಗೆ ಕೇಳಿದರು. "ತಪ್ಪೂ ಒಂದೇ ಥರ ಬರುತ್ತಾ ಯಜಮಾನ್ರೇ?"

"ನೋಡಿ ಸಾರ್, ಒಂಬತ್ತು ಮನೆ ನಡೀತಿದೆ ಇದ್ರಲ್ಲಿ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನನಗೆ ಪತ್ರ ಬೇಕು." ಮಾಲೀಕರ ದನಿ ಮೊದಲ ಸಲ ಗಡಸಾಗಿತ್ತು. ನನ್ನ ಕಡೆ ತಿರುಗಿ, "ಅಳ್ಸಿದ್ದು ನೀನು ಕಣಮ್ಮ. ನಿನ್ನ ಉಳಿಸೋಕೇ ಇದು" ಎಂದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಬಸ್ಸಿನಲ್ಲಿ ಆವತ್ತು ಅವರು ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ ಮಾತ್ರ ಕೇಳಿದರು. "ನೀವೇನ್ ಮಾಡ್ತೀರಮ್ಮಾ?"

"ನನಗ್ ಭಯ ಸಾರ್" ಎಂದೆ. ಅವರು ತಲೆಯಾಡಿಸಿದರು. ಆ ಉತ್ತರ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಬೆಳಿಗ್ಗೆ ಅವರು ನನಗಿಂತ ಮುಂಚೆ ಬಂದಿದ್ದರು. ಮೇಜಿನ ಮೇಲೆ ಇನ್ನೂ ಏನೂ ಬರೆಯದ ಛಾಪಾಕಾಗದ ಇತ್ತು. ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಎದ್ದು ಬಚ್ಚಲಿಗೆ ಹೋದರು. ವಾಂತಿ ಮಾಡುವ ಸದ್ದು ನಮಗೆಲ್ಲ ಕೇಳಿಸಿತು. ಮುಖ ತೊಳೆದುಕೊಂಡು ಬಂದು, ಒದ್ದೆ ಕೈಯಲ್ಲೇ ಆ ಖಾಲಿ ಕಾಗದ ಹಿಡಿದು ಮಾಲೀಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ನನ್ನ ಮೇಜಿಗೆ ಅವರ ಬೆನ್ನು ಕಾಣುತ್ತಿತ್ತು.

"ನನ್ ಕೈಲಿ ಆಗಲ್ಲ ಯಜಮಾನ್ರೇ."

"ಸಾರ್, ಬರೀ ಒಂದು ಕಾಗದ."

"ಇಲ್ಲದ್ದನ್ನ ಇದೆ ಅಂತ ಒಂದ್ಸಲ ಓದಿದೀನಿ. ಇನ್ನೊಂದ್ಸಲ ಬರೆಯಲ್ಲ. ನೀವು ಬೇರೆಯವ್ರ ಕೈಲಿ ಬರೆಸ್ಬಹುದು. ಆದ್ರೆ ಕೋರ್ಟಲ್ಲಿ ನನ್ನ ಕರೆದು ಕೇಳಿದ್ರೆ ನಾನು ನಿಜ ಹೇಳ್ಬಿಡ್ತೀನಿ. ಅದನ್ನ ಮುಂಚೆನೇ ನಿಮಗೆ ತಿಳಿಸ್ಬೇಕಲ್ಲ, ಅದಕ್ಕೆ ಬಂದೆ. ಆ ಮಗೂನೂ ಇದಕ್ಕೆ ಎಳೀಬೇಡಿ. ಆ ಮೇಷ್ಟ್ರ ಹೆಸರು ಹಾಕ್ಬಿಡಿ. ಒಂದು ಸಾಲು."

ಮಾಲೀಕರು ಕೂಗಾಡಿದರು. ನಂಬಿಕೆ ದ್ರೋಹ ಎಂದರು, ಉಂಡ ಮನೆ ಎಂದರು. ಷರತ್ತು ಸಾರ್ ಛಾಪಾಕಾಗದವನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ಹೊರಗೆ ಬಂದರು. ಬೀರುವಿನ ಬೀಗದ ಕೈಯನ್ನು ನಮ್ಮ ಲೆಕ್ಕದ ಹುಡುಗಿಗೆ ಕೊಟ್ಟರು. ನನ್ನ ಮೇಜಿನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತರು. ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. 'ಅಳಿಸಿದ್ದು ನಾನು, ಪತ್ರಕ್ಕೆ ನಾನೂ ಸಹಿ ಮಾಡಲ್ಲ' ಎಂದು ಕೋಣೆಯೊಳಕ್ಕೆ ಹೋಗಬಹುದಿತ್ತು. ಕಂಪ್ಯೂಟರಿನ ಪರದೆ ನೋಡುತ್ತ ಕೂತೆ. ಅವರು ಮೆಟ್ಟಿಲಿಳಿದು ಹೋದರು.

ಮಧ್ಯಾಹ್ನ ಮಾಲೀಕರು ನನ್ನನ್ನು ಕರೆದು, ಬೇರೆಯವರಿಂದ ಬರೆಸುತ್ತೇನೆ, ಸಹಿ ಮಾಡುತ್ತೀಯಾ ಎಂದರು. "ನಾಳೆ ಹೇಳ್ತೀನಿ ಸಾರ್" ಎಂದೆ. ಅದು ಧೈರ್ಯವಲ್ಲ, ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಕೈ ಬರಲಿಲ್ಲ. ಮನೆಗೆ ಹೋಗಿ ಜ್ವರ ಹಿಡಿದು ಮಲಗಿದೆ. ಮೂರನೆಯ ದಿನ ಆಫೀಸಿಗೆ ಹೋಗುವ ಹೊತ್ತಿಗೆ ವಿಷಯ ಮುಗಿದಿತ್ತು. ವಕೀಲೆ ಆ ಪ್ರಮಾಣಪತ್ರದ ಮಾತು ಕೇಳಿ, ನಿಜ ಬಲ್ಲವರೊಬ್ಬರು ನಿಜ ಹೇಳುತ್ತೇನೆಂದು ಹೇಳಿಹೋಗಿರುವಾಗ ಇದನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದರಂತೆ. ಆಮೇಲೆ ಹೊಸ ಕರಪತ್ರ ಅಚ್ಚಿಗೆ ಹೋಯಿತು. ಕೆಳಗೆ ಒಂದು ಸಾಲು, ಉಪನ್ಯಾಸಕರ ಹೆಸರು. ಬ್ಯಾನರಿನಲ್ಲಿ, ವ್ಯಾನಿನ ಎರಡು ಮಗ್ಗುಲಲ್ಲಿ ಅದೇ ಸಾಲು. ಫೈಲಿನ ತಲೆಯ ಮೇಲೆ ಅವರ ಹೆಸರನ್ನು ನಾನೇ ಮತ್ತೆ ಸೇರಿಸಿದೆ. ಒಬ್ಬ ಗಿರಾಕಿಯೂ ಕೈ ಬಿಡಲಿಲ್ಲ. ಕೆಲವರು, "ಮೈಸೂರಿನ ಮೇಷ್ಟ್ರಾ? ಭೇಷ್" ಎಂದರು. ಮೈಸೂರಿನಿಂದ ಎರಡು ಸಾಲಿನ ಉತ್ತರ ಬಂತು: ಕರಪತ್ರ ತಲುಪಿತು, ಸಂತೋಷವಾಯಿತು. ಹೀಗೆ ಆ ಷರತ್ತು ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಷರತ್ತು ಸಾರ್ ಮತ್ತೆ ಬರಲಿಲ್ಲ. ಮಾಲೀಕರು ಕರೆಯಲು ಜನ ಕಳಿಸಿದ್ದರು, ಅವರು ಸಿಗಲಿಲ್ಲವಂತೆ. ನಾನು ಎರಡು ಸಲ ಫೋನು ಮಾಡಿದೆ. ಅದು ಬಡಿದು ಬಡಿದು ಸುಮ್ಮನಾಯಿತು. ದೇವನಹಳ್ಳಿ ದೂರವೇನಲ್ಲ. ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ಅವರ ಎದುರು ನಿಲ್ಲಲು ಹೆದರಿಕೆಯಾಯಿತು. ಆ ವರ್ಷದ ಕೊನೆಗೆ ಬೇರೆ ಕೆಲಸ ಸಿಕ್ಕಿತು. ನಾನೂ ಅಲ್ಲಿಂದ ಹೊರಟೆ.

ಹೋದ ತಿಂಗಳು ಮಗಳ ಫೋನು ಬಂದ ಮೇಲೆ, ಹನ್ನೊಂದನೆಯ ದಿನದ ಕಾರ್ಯಕ್ಕೆ ಅವರ ಮನೆಗೆ ಹೋದೆ. ಚಿಕ್ಕ ಮನೆ, ಮುಂದೆ ಒಂದು ಕರಿಬೇವಿನ ಗಿಡ. ಅವರ ಹೆಂಡತಿ ಎಲೆ ಹಾಕಿಸಿದರು. ಊಟವಾದ ಮೇಲೆ ಮಗಳು ನನ್ನನ್ನು ಒಳಗೆ ಕೂರಿಸಿಕೊಂಡಳು.

"ಅಕ್ಕಾ, ನಿಮ್ಮನ್ನ ಒಂದು ಕೇಳ್ಬೇಕಿತ್ತು. ನಿಮ್ ಆಫೀಸಲ್ಲಿ ಅವತ್ತು ಪೊಲೀಸ್ರು ಬಂದಿದ್ರಾ?"

"ಪೊಲೀಸ್ರಾ? ಇಲ್ಲವಲ್ಲ. ಯಾಕಮ್ಮಾ?"

"ಅಪ್ಪ ಕೆಲಸ ಬಿಟ್ಟ ದಿನ. ಹಿಂದಿನ ದಿನ ಸಂಜೇನೇ ಒಂದು ಬ್ಯಾಗ್ ತುಂಬ್ಕೊಂಡ್ರು. ಎರಡು ಅಂಗಿ, ಟವಲ್ಲು, ಬೀಪಿ ಮಾತ್ರೆ, ಒಂದು ಹೊದಿಕೆ. ಬೆಳಿಗ್ಗೆ ಅಮ್ಮನ ಕೈಗೆ ಬ್ಯಾಂಕ್ ಪುಸ್ತಕ ಕೊಟ್ಟು, 'ನಾನು ಇವತ್ತು ಒಬ್ರಿಗೆ ಎದುರು ಮಾತಾಡ್ಬೇಕು, ಪೊಲೀಸ್ರು ಕರ್ಕೊಂಡ್ಹೋಗ್ಬಿಡ್ತಾರೆ, ರಾತ್ರಿ ಬರ್ಲಿಲ್ಲ ಅಂದ್ರೆ ಅಳಿಯಂದ್ರಿಗೆ ಹೇಳಿ, ಯಾರೂ ಹುಡುಕ್ಕೊಂಡು ಬರ್ಬೇಡಿ' ಅಂದ್ರಂತೆ. ಮಧ್ಯಾಹ್ನ ವಾಪಸ್ ಬಂದ್ಬಿಟ್ರು. ಆದ್ರೂ ಎಷ್ಟೋ ತಿಂಗಳು ಆ ಬ್ಯಾಗ್ ಬಿಚ್ಚೋಕೆ ಬಿಡ್ಲಿಲ್ಲ. ಬಾಗಿಲು ತಟ್ಟಿದ್ರೆ ಬ್ಯಾಗ್ ಹಿಡ್ಕೊಂಡೇ ಎದ್ದು ಬರ್ತಿದ್ರು."

ಇಲ್ಲ ಎಂದಷ್ಟೇ ತಲೆಯಾಡಿಸಿದೆ. ಆ ದಿನ ಆ ಕೋಣೆಯಿಂದ ಯಾರನ್ನೂ ಯಾರೂ ಎಲ್ಲಿಗೂ ಕರೆದೊಯ್ಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಅವರು ಒಳಗೆ ಹೋದರು. ಗೊತ್ತಿದ್ದೂ ನಾನು ಕುರ್ಚಿಯಿಂದ ಏಳಲಿಲ್ಲ.